ಕಿನ್ನಾಳ ಸೀಮೆಯಲ್ಲಿ ಬೇಸಿಗೆಯ ವಾಚನವೂ ಗ್ರಂಥಭಂಡಾರವೂ

ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡುವ ಈ ಸ್ಮಾರಕ ಗ್ರಂಥದಲ್ಲಿ ಪೀಠಪರಂಪರೆ, ಜಾತ್ರೆ, ದಾಸೋಹ, ಪ್ರಸಾದನಿಲಯ ಮೊದಲಾದ ವಿಷಯಗಳನ್ನು ಕುರಿತು ಬಲ್ಲವರು ಬರೆದಿರುವರು. ಈ ಅಲ್ಪಮತಿಯ ಪಾಲಿಗೆ ಬಂದ ವಿಷಯವು ಮೇಲ್ನೋಟಕ್ಕೆ ಬಲು ಸಣ್ಣದು. ಶಾಲೆಗಳಿಗೆ ರಜೆಯಿರುವ ಬೇಸಿಗೆಯ ಆರೇಳು ವಾರಗಳಲ್ಲಿ ಹಳ್ಳಿಯ ಮಕ್ಕಳು ಏನನ್ನು ಓದುತ್ತಾರೆ, ಎಲ್ಲಿ ಓದುತ್ತಾರೆ, ಅವರಿಗೆ ಓದಿಸುವವರು ಯಾರು ಎಂಬದೇ ಆ ವಿಷಯವು. ದೊಡ್ಡ ಸಂಗತಿಗಳ ನಡುವೆ ಇದನ್ನು ತಂದದ್ದೇಕೆಂದು ವಾಚಕ ಮಹಾಶಯರು ಕೇಳಬಹುದು. ಮಠದ ಇತಿಹಾಸವೆಂದರೆ ಮಠಕ್ಕೆ ಬಂದ ಕಾಣಿಕೆಯ ಇತಿಹಾಸ ಮಾತ್ರವಲ್ಲ. ಮಠದಿಂದ ಊರಿಗೆ ಹೋದ ವಸ್ತುಗಳ ಇತಿಹಾಸವೂ ಅಹುದು. ಅನ್ನವು ಹೋಗಿರುವದು, ಔಷಧವು ಹೋಗಿರುವದು. ಪುಸ್ತಕವೂ ಹೋಗಿರುವದೇ? ಈ ಪ್ರಶ್ನೆಗೆ ಉತ್ತರವನ್ನು ಅರಸುವದೇ ಈ ಲೇಖದ ಉದ್ದೇಶವು.

ನಮ್ಮ ಸೀಮೆಯ ಬೇಸಿಗೆಯನ್ನು ಕಾಣದವರಿಗೆ ಈ ವಿಚಾರದ ತೂಕವು ತಿಳಿಯಲಾರದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಹಳೆಯ ನಾಲ್ಕು ತಾಲೂಕುಗಳಲ್ಲಿ ಗಂಗಾವತಿಯ ಕಡೆಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಹರಿಯುವದು; ಉಳಿದ ಭೂಮಿಯ ಬಹುಭಾಗವು ಮಳೆಯನ್ನೇ ನೆಚ್ಚಿದ ಎರೆ ಮತ್ತು ಮಸಾರಿಯ ಹೊಲ. ಹಿಂಗಾರಿಯ ಜೋಳದ ಸುಗ್ಗಿ ತೀರಿ, ಯುಗಾದಿ ಕಳೆದ ತರುವಾಯ, ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಹೊಲದಲ್ಲಿ ಕೆಲಸವಿರುವದಿಲ್ಲ. ಆಗ ಅನೇಕ ಕುಟುಂಬಗಳು ಮನೆಗೆ ಬೀಗ ಹಾಕಿ ಬೆಂಗಳೂರು, ಮಂಗಳೂರು, ಗೋವೆಗಳ ಕಡೆಗೆ ಗುಳೆ ಹೊರಡುವವು. ಮಕ್ಕಳಲ್ಲಿ ಕೆಲವರು ತಾಯಿತಂದೆಗಳ ಸಂಗಡ ಹೋಗುವರು. ಕೆಲವರು ಅಜ್ಜ ಅಜ್ಜಿಯರ ಬಳಿ ಊರಲ್ಲಿ ಉಳಿಯುವರು. ಪ್ರಸಾದನಿಲಯದ ಮಕ್ಕಳೂ ಈ ದಿನಗಳಲ್ಲಿಯೇ ತಮ್ಮ ತಮ್ಮ ಊರಿಗೆ ತೆರಳುವರು. ಹೀಗೆ ವರ್ಷವೆಲ್ಲ ಅಕ್ಷರದೊಡನೆ ಇದ್ದ ಮಗುವು ಏಪ್ರಿಲ್ ತಿಂಗಳ ಮಧ್ಯದಿಂದ ಮೇ ತಿಂಗಳ ಕೊನೆಯವರೆಗೆ ಅಕ್ಷರದಿಂದ ದೂರವಾಗುವದು. ಮರಳಿ ಶಾಲೆ ತೆರೆದಾಗ ಹಿಂದಿನ ವರ್ಷ ಸರಾಗವಾಗಿ ಓದುತ್ತಿದ್ದ ಹುಡುಗಿಯು ಸಾಲಿನ ಮೇಲೆ ಬೆರಳಿಟ್ಟು ತಡವರಿಸುವದನ್ನು ಉಪಾಧ್ಯಾಯರೆಲ್ಲರೂ ಕಂಡಿರುವರು. ಉಳ್ಳವರ ಮನೆಯಲ್ಲಿ ಪುಸ್ತಕವಿರುವದು, ಓದಿಸುವವರೂ ಇರುವರು. ಇಲ್ಲದವರ ಮನೆಯಲ್ಲಿ ಶಾಲೆಯ ಪಠ್ಯಪುಸ್ತಕವೊಂದೇ ಪುಸ್ತಕವು. ಶಾಲೆಯ ದಿನಗಳಲ್ಲಿ ಒಂದೇ ಮಣೆಯ ಮೇಲೆ ಕುಳಿತ ಇಬ್ಬರು ಮಕ್ಕಳ ನಡುವೆ ಅಂತರವು ಬೆಳೆಯುವದು ಈ ಬಿಡುವಿನ ದಿನಗಳಲ್ಲಿಯೇ ಹೆಚ್ಚು.

ಹೀಗಿರಲು, ನಮ್ಮ ಸೀಮೆಯು ಅಕ್ಷರಕ್ಕೆ ಹೊಸದಾದ ಸೀಮೆಯೆಂದು ಮಾತ್ರ ಯಾರೂ ಭಾವಿಸಲಾಗದು. ಕೊಪ್ಪಳದ ಗವಿಮಠದ ಗುಡ್ಡದ ಮೇಲೆಯೂ ಸಮೀಪದ ಪಾಲ್ಕಿಗುಂಡಿನ ಮೇಲೆಯೂ ಮೌರ್ಯ ಚಕ್ರವರ್ತಿಯಾದ ಅಶೋಕನ ಶಾಸನಗಳಿರುವವು. ಇವು 1931ರಲ್ಲಿ ಬೆಳಕಿಗೆ ಬಂದವು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಬ್ರಾಹ್ಮೀಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆಯಿಸಿದ ಈ ಬರೆಹವು ಅರಮನೆಯ ಪೆಟ್ಟಿಗೆಯಲ್ಲಿ ಇಡುವದಕ್ಕಾಗಿ ಹುಟ್ಟಿದ್ದಲ್ಲ. ಬಯಲಿನಲ್ಲಿ, ಹಾದು ಹೋಗುವವರ ಕಣ್ಣಿಗೆ ಬೀಳುವಂತೆ ಬಂಡೆಯ ಮೇಲೆ ಇರಿಸಿದ್ದು. ಓದಬಲ್ಲವನೊಬ್ಬನು ಓದಿ ಹೇಳಿದರೆ ಓದಬಾರದ ಹತ್ತು ಜನರು ಕೇಳಿ ತಿಳಿಯುವರೆಂಬ ನಂಬಿಗೆಯು ಅದರ ಹಿಂದೆ ಇರುವದು. ನಮ್ಮ ಸೀಮೆಯ ಅತ್ಯಂತ ಹಳೆಯ ಸಾರ್ವಜನಿಕ ವಾಚನಾಲಯವು ಒಂದು ಬಂಡೆಯೇ ಎಂದರೆ ಅತಿಶಯವಾಗದು. ಅದಕ್ಕೆ ಬಾಗಿಲಿಲ್ಲ, ಕೀಲಿಯೂ ಇಲ್ಲ.

ತರುವಾಯದ ಕಾಲದಲ್ಲಿ ಈ ಕೊಪಣನಗರವು ಕನ್ನಡದ ತಿರುಳು ನಾಡಿನ ಎಲ್ಲೆಗಳಲ್ಲಿ ಒಂದಾಗಿ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಹೆಸರಿಸಲ್ಪಟ್ಟಿತು. ಗ್ರಂಥಗಳನ್ನು ಕಾಯುವ ಕೆಲಸವೂ ನಮ್ಮ ಪ್ರಾಂತದಲ್ಲಿ ಬಹು ಪ್ರಾಚೀನವಾದುದು. ಕಲಬುರ್ಗಿ ಜಿಲ್ಲೆಯ ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ಘಟಿಕಾಸ್ಥಾನವಿದ್ದಿತು. ಅಲ್ಲಿಯ 1058ರ ಶಾಸನವು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಹೇಳುವದಲ್ಲದೆ, ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೇಳುವದು. ಭಂಡಾರಿಗನೆಂದರೆ ಭಂಡಾರವನ್ನು ನೋಡಿಕೊಳ್ಳುವವನು. ಇಲ್ಲಿ ಭಂಡಾರದಲ್ಲಿದ್ದದ್ದು ಹೊನ್ನಲ್ಲ, ಹೊತ್ತಗೆ. ಇನ್ನು ಕೊಪ್ಪಳಕ್ಕೆ ದೂರವಲ್ಲದ ಲಕ್ಕುಂಡಿಯ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿಯು ಜಗದ್ವಿದಿತವಾಗಿರುವದು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಒಂದೊಂದು ಗರಿಯ ಮೇಲೆ ಒಂದೊಂದು ಅಕ್ಷರವನ್ನು ಕಂಟದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಆ ಪುಣ್ಯಾಂಗನೆಯು ಅರಿತುಕೊಂಡಿದ್ದ ತತ್ವವು ಇದು: ಪುಸ್ತಕವನ್ನು ಉಳಿಸುವ ಉಪಾಯವೆಂದರೆ ಅದನ್ನು ಹಂಚುವದು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಇದರ ಪ್ರಯೋಜನವುಂಟು.

ಆದರೆ ಸಾಮಾನ್ಯ ಜನರು ಈ ಗ್ರಂಥಗಳನ್ನು ಕಣ್ಣಿನಿಂದ ಓದಿದವರಲ್ಲ, ಕಿವಿಯಿಂದ ಓದಿದವರು. ಶ್ರಾವಣ ಮಾಸದಲ್ಲಿ ಮಠಗಳಲ್ಲಿಯೂ ಗುಡಿಗಳಲ್ಲಿಯೂ ಪುರಾಣ ಹಚ್ಚುವ ಪದ್ಧತಿಯು ಇಂದಿಗೂ ನಡೆದುಬಂದಿರುವದು. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆ ಇವುಗಳನ್ನು ಒಬ್ಬರು ಓದುವರು, ಮತ್ತೊಬ್ಬರು ಅರ್ಥ ಹೇಳುವರು, ಊರೆಲ್ಲ ಕೇಳುವದು. ಶ್ರಾವಣದ ವಾಚನವು ಮಠದ್ದಾದರೆ ಬೇಸಿಗೆಯ ವಾಚನವು ಬಯಲಿನದು. ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ ನಮ್ಮ ಹಳ್ಳಿಗಳಲ್ಲಿ ದೊಡ್ಡಾಟದ ತಾಲೀಮು ಆರಂಭವಾಗುವದು. ಆಟ ಕಲಿಸುವ ಮಾಸ್ತರರ ಕೈಯಲ್ಲಿ ಕೈಬರೆಹದ ಒಂದು ಪುಸ್ತಕ. ಸುತ್ತಲೂ ಒಕ್ಕಲಿಗರು, ಕುರುಬರು, ನೇಕಾರರು, ಕೂಲಿಕಾರರು. ಅವರಲ್ಲಿ ಎಷ್ಟೋ ಜನರಿಗೆ ಅಕ್ಷರ ಬಾರದು. ಮಾಸ್ತರರು ಒಂದು ಪದವನ್ನು ಓದಿ ಹೇಳುವರು. ವೇಷಧಾರಿಯು ಅದನ್ನು ಹತ್ತು ಸಲ ಹೇಳಿ ಬಾಯಿಪಾಠ ಮಾಡುವನು. ಹೀಗೆ ವಾರಗಟ್ಟಳೆ ರಾತ್ರಿಗಳು ಕಳೆದು ಬೆಳುದಿಂಗಳಿನಲ್ಲಿ ಆಟವಾಗುವಾಗ, ಹೆಸರು ಬರೆಯಲಾರದವನು ನೂರಾರು ಸಾಲುಗಳನ್ನು ತಡೆಯಿಲ್ಲದೆ ನುಡಿಯುವನು. ಮಾಸ್ತರರ ಪಕ್ಕದಲ್ಲಿ ದೀಪ ಹಿಡಿದು ಕುಳಿತ ಚಿಕ್ಕ ಹುಡುಗನು ಆ ಪುಸ್ತಕವನ್ನು ನೋಡುತ್ತ ನೋಡುತ್ತ ಅಕ್ಷರವನ್ನು ಗುರುತಿಸುವನು. ಇಂದು ಗ್ರಂಥಾಲಯಗಳಲ್ಲಿ ನಡೆಯುವ ಬೇಸಿಗೆಯ ವಾಚನ ಶಿಬಿರಗಳೆಂಬವು ನಮಗೆ ಹೊರಗಿನಿಂದ ಬಂದ ನೂತನ ವಸ್ತುವೆಂದು ತಿಳಿಯುವವರು ಈ ತಾಲೀಮನ್ನು ಮರೆತವರೇ ಸರಿ.

ಕಿನ್ನಾಳದ ವಿಷಯವಾಗಿಯೂ ಎರಡು ಮಾತು ಹೇಳಬೇಕು. ಕೊಪ್ಪಳಕ್ಕೆ ಸಮೀಪದ ಈ ಗ್ರಾಮವು ಚಿತ್ರಗಾರರ ಗೊಂಬೆಗಳಿಂದ ದೇಶದಲ್ಲೆಲ್ಲ ಹೆಸರಾಗಿರುವದು. ಹಗುರವಾದ ಕಟ್ಟಿಗೆಯನ್ನು ಕೆತ್ತಿ, ಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸುವರು. ನೆನೆಯಿಸಿದ ಗೋಣಿಯ ಚೂರನ್ನು ಒಣಗಿಸಿ ಪುಡಿಮಾಡಿ, ಕಟ್ಟಿಗೆಯ ಹೊಟ್ಟನ್ನೂ ಅದೇ ಅಂಟನ್ನೂ ಕಲಸಿದ ಕಿಟ್ಟವನ್ನು ಮೈಗೆಲ್ಲ ಬಳಿಯುವರು. ಮೇಲೆ ಅರಿವೆಯ ತುಂಡುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪವನ್ನು ಕೊಟ್ಟು, ಕೊನೆಗೆ ಬಣ್ಣವನ್ನು ಹಚ್ಚುವರು. ಒಂದು ಲೇಪವು ಒಣಗದೆ ಇನ್ನೊಂದನ್ನು ಹಚ್ಚುವಂತಿಲ್ಲ. ಈ ವಿದ್ಯೆಯು ಯಾವ ಪುಸ್ತಕದಿಂದಲೂ ಬಂದದ್ದಲ್ಲ. ತಂದೆಯ ಕೈಯನ್ನು ನೋಡಿ ಮಗನು, ಅತ್ತೆಯ ಕೈಯನ್ನು ನೋಡಿ ಸೊಸೆಯು ಕಲಿತದ್ದು. ಅಂದಮೇಲೆ ಕಿನ್ನಾಳದ ಮಗುವು ಅಕ್ಷರವಿಲ್ಲದಿದ್ದರೂ ವಿದ್ಯೆಯಿಲ್ಲದ ಮಗುವಲ್ಲ. ಆದರೆ ಕೈಯಿಂದ ಕೈಗೆ ಬಂದ ವಿದ್ಯೆಯು ಒಂದು ತಲೆಮಾರು ಕೈಬಿಟ್ಟರೆ ಅಳಿದು ಹೋಗುವದು. ಅದನ್ನು ಬರೆದಿಡುವವರು ಬೇಕು. ಬರೆಯಬೇಕಾದರೆ ಓದಿನ ರೂಢಿ ಬೇಕು. ಕಸಬಿನ ಊರಿಗೆ ಗ್ರಂಥಾಲಯದ ಆವಶ್ಯಕತೆಯು ಇಲ್ಲವೆನ್ನುವವರಿಗೆ ಇದೇ ಉತ್ತರವು.

ಈಗ ಹಿಂದಣ ನೂರು ವರ್ಷಗಳ ಕಥೆಗೆ ಬರೋಣ. 1948ರ ಸೆಪ್ಟೆಂಬರದವರೆಗೆ ಈ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ಅದರಲ್ಲಿಯೂ ಕೊಪ್ಪಳ ಯಲಬುರ್ಗಾ ಭಾಗಗಳು ಸಾಲಾರಜಂಗರ ಜಹಗೀರಿಗೆ ಸೇರಿದ್ದವು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಉರ್ದುವು ಸೊಗಸಾದ ಭಾಷೆಯೇ ಸರಿ. ಆದರೆ ಮನೆಯಲ್ಲಿ ಕನ್ನಡವನ್ನಾಡುವ ಮಗುವಿಗೆ ಓದು ಎಂಬದು ಪರಭಾಷೆಯ ಬೆಟ್ಟವನ್ನು ಹತ್ತಿದಂತೆ ಆಗುತ್ತಿದ್ದಿತು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನಮ್ಮ ಜಹಗೀರದಾರರ ಮನೆತನದ ಮೂರನೆಯ ಸಾಲಾರಜಂಗರು ಗ್ರಂಥಪ್ರೇಮಿಗಳು. ಅವರ ಮನೆತನದಲ್ಲಿ ಸಂಗ್ರಹವಾದ ಪುಸ್ತಕಗಳೂ ಹಸ್ತಪ್ರತಿಗಳೂ 1951ರಲ್ಲಿ ತೆರೆದ ಹೈದರಾಬಾದಿನ ವಸ್ತುಸಂಗ್ರಹಾಲಯಕ್ಕೆ ಸೇರಿ ಇಂದಿಗೂ ವಿದ್ವಾಂಸರಿಗೆ ದೊರೆಯುವವು. ಕೊಪ್ಪಳ ಸೀಮೆಯ ರೈತನ ಕಂದಾಯವೂ ಆ ಮನೆತನದ ಸಂಪತ್ತಿಗೆ ಕೂಡಿರುವದು. ಆದರೆ ಆ ರೈತನ ಮಗನು ಅಂಥ ಪುಸ್ತಕದ ಮುಖವನ್ನು ಕಾಣಲಿಲ್ಲ. ಇದನ್ನು ನಿಂದೆಗಾಗಿ ಹೇಳುತ್ತಿಲ್ಲ. ಸಂಗ್ರಹವು ಎಷ್ಟು ದೊಡ್ಡದಾದರೂ ದಾರಿಯಿಲ್ಲದಿದ್ದರೆ ಊರಿಗೆ ಬಾರದೆಂಬದಕ್ಕೆ ಇದು ನಿದರ್ಶನವು.

ಆ ಕಾಲದಲ್ಲಿ ಕನ್ನಡದ ಓದನ್ನು ಉಳಿಸಿದವರು ಮಠಗಳು, ಗಾಂವಠಿ ಶಾಲೆಗಳು, ನಾಲ್ಕಾರು ಜನ ಉತ್ಸಾಹಿಗಳು ಕೂಡಿ ನಡೆಯಿಸಿದ ವಾಚನಾಲಯಗಳು. ನೆರೆಯ ಮುಂಬಯಿ ಕರ್ನಾಟಕದಿಂದ ಬರುತ್ತಿದ್ದ ಪುಸ್ತಕಗಳೂ ಪತ್ರಿಕೆಗಳೂ ಇವರಿಗೆ ಆಧಾರವಾಗಿದ್ದವು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಊರೂರು ಅಲೆದು ಮಠಗಳಿಂದಲೂ ಮನೆಗಳಿಂದಲೂ ತಾಡವೋಲೆಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ಮುದ್ರಣಾಲಯಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿದ ಆ ಮಹನೀಯರ ತ್ಯಾಗವನ್ನು ಸದ್ಭಕ್ತರೆಲ್ಲರೂ ಬಲ್ಲರು. ಆದರೆ ಅವರ ಕಾರ್ಯದ ಒಂದು ಮುಖವನ್ನು ನಾವು ಸಾಕಷ್ಟು ಯೋಚಿಸಿಲ್ಲ. ಓಲೆಗಳು ಕಟ್ಟುಗಳಲ್ಲಿ ಇದ್ದವು, ಪೂಜೆಯೂ ನಡೆದಿದ್ದಿತು. ಕಟ್ಟು ಬಿಚ್ಚಿದ ಮೇಲೆಯೇ ವಚನವು ವಾಚನವಾಯಿತು. ಪೂಜಿಸಿದವರಿಗೆ ನಾವು ಋಣಿಗಳು. ಬಿಚ್ಚಿದವರಿಗೆ ಇನ್ನೂ ಹೆಚ್ಚಿನ ಋಣಿಗಳು.

ಬೇಸಿಗೆಯ ಬಿಡುವನ್ನು ಜ್ಞಾನಕ್ಕಾಗಿ ಬಳಸುವ ಕ್ರಮಬದ್ಧವಾದ ಪ್ರಯತ್ನಗಳೂ ಹೊಸವಲ್ಲ. ಮಹಾದೇವ ಗೋವಿಂದ ರಾನಡೆಯವರು ಪುಣೆಯಲ್ಲಿ 1875ರಲ್ಲಿ ಆರಂಭಿಸಿದ ವಸಂತ ವ್ಯಾಖ್ಯಾನಮಾಲೆಯ ಪದ್ಧತಿಯು ಕ್ರಮೇಣ ಉತ್ತರ ಕರ್ನಾಟಕದ ಪಟ್ಟಣಗಳಿಗೂ ಹಬ್ಬಿತು. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಸಾರ್ವಜನಿಕವಾಗಿ ಆಚರಿಸಲಾರಂಭಿಸಿದ ಬಸವಜಯಂತಿಯೂ ವೈಶಾಖದಲ್ಲಿಯೇ ಬರುವದರಿಂದ, ಆ ನಿಮಿತ್ತದ ಉಪನ್ಯಾಸಗಳು ಬೇಸಿಗೆಯ ಸಂಜೆಗಳನ್ನು ಸಾರ್ಥಕಗೊಳಿಸಿದವು. ಆದರೆ ಇವೆಲ್ಲ ದೊಡ್ಡವರಿಗಾಗಿ. ಮಕ್ಕಳಿಗಾಗಿಯೇ ಬೇಸಿಗೆಯ ಓದನ್ನು ಏರ್ಪಡಿಸುವ ಪದ್ಧತಿಯು ಅಮೆರಿಕಾ ದೇಶದ ಗ್ರಂಥಾಲಯಗಳಲ್ಲಿ 1890ರ ದಶಕದಲ್ಲಿ ಮೊಳೆಯಿತು. ಶಾಲೆಯಿಲ್ಲದ ದಿನಗಳಲ್ಲಿ ಮಕ್ಕಳನ್ನು ಕರೆದು, ಕಥೆ ಹೇಳಿ, ಪುಸ್ತಕವನ್ನು ಮನೆಗೆ ಕೊಟ್ಟು, ಓದಿದ್ದನ್ನು ಕೇಳುವದು ಅದರ ಸಾರಾಂಶ. ನಮ್ಮ ದೇಶದಲ್ಲಿ ಬಡೋದೆಯ ಸಯಾಜಿರಾವ ಗಾಯಕವಾಡ ಮಹಾರಾಜರು 1910ರಲ್ಲಿ ಬೋರ್ಡನ್ ಎಂಬ ಅಮೆರಿಕೆಯ ಗ್ರಂಥಾಲಯ ಪಂಡಿತರನ್ನು ಕರೆಯಿಸಿ, ತಮ್ಮ ಸಂಸ್ಥಾನದ ಹಳ್ಳಿಗಳಿಗೆ ಗ್ರಂಥಾಲಯಗಳನ್ನು ಒದಗಿಸಿದರು. ಗ್ರಂಥಾಲಯವಿಲ್ಲದ ಹಳ್ಳಿಗೆ ಪುಸ್ತಕಗಳ ಪೆಟ್ಟಿಗೆಯೇ ಹೋಗುತ್ತಿದ್ದಿತು. ಮದ್ರಾಸು ಪ್ರಾಂತದ ಮನ್ನಾರಗುಡಿಯಲ್ಲಿ 1931ರಲ್ಲಿ ಎತ್ತಿನ ಬಂಡಿಯ ಮೇಲೆ ಸಂಚಾರಿ ಗ್ರಂಥಾಲಯವು ಹಳ್ಳಿಗಳನ್ನು ಸುತ್ತಿತು. ಅದೇ ವರ್ಷ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕಗಳಿರುವದು ಬಳಕೆಗಾಗಿ ಎಂಬದು ಅವುಗಳಲ್ಲಿ ಮೊದಲನೆಯದರ ಭಾವವು. ಒಂಬೈನೂರು ವರ್ಷಗಳ ಹಿಂದೆ ಅತ್ತಿಮಬ್ಬೆಯು ಆಚರಿಸಿದ್ದನ್ನೇ ಅವರು ಸೂತ್ರವಾಗಿ ಕಟ್ಟಿದರೆಂದು ನನ್ನ ಭಾವನೆ.

1956ರ ನವೆಂಬರ 1ರಂದು ನಮ್ಮ ಸೀಮೆಯು ಕನ್ನಡ ರಾಜ್ಯದಲ್ಲಿ ಸೇರಿತು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ಗ್ರಂಥಾಲಯಗಳಿಗಾಗಿ ಕರವನ್ನು ಎತ್ತುವ ಏರ್ಪಾಡಾಗಿ, ಕ್ರಮೇಣ ಜಿಲ್ಲೆಯ ಕೇಂದ್ರದಿಂದ ಗ್ರಾಮದವರೆಗೆ ಸರಕಾರದ ಗ್ರಂಥಾಲಯಗಳು ಏರ್ಪಟ್ಟವು. ಕೊಪ್ಪಳವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದವು. ಮರುವರ್ಷ ಮಹಾಮಾರಿಯ ಕಾಲದಲ್ಲಿ ಶಾಲೆಗಳು ತಿಂಗಳುಗಟ್ಟಳೆ ಮುಚ್ಚಿದಾಗ, ಬೇಸಿಗೆಯ ಆರು ವಾರಗಳ ಮರೆವು ಇಡೀ ವರ್ಷದ ಮರೆವಾಗುವ ಭಯವು ತಲೆದೋರಿತು. ಆಗ, 2020ರ ಕೊನೆಯ ಭಾಗದಲ್ಲಿ, ಓದುವ ಬೆಳಕು ಎಂಬ ಕಾರ್ಯಕ್ರಮವು ಹೊರಟು, 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಗ್ರಾಮದ ಗ್ರಂಥಾಲಯದ ಸದಸ್ಯತ್ವವನ್ನು ಶುಲ್ಕವಿಲ್ಲದೆ ಕೊಡಲಾಯಿತು. ಈ ಗ್ರಂಥಾಲಯಗಳಿಗೆ ಅರಿವು ಕೇಂದ್ರವೆಂಬ ಹೆಸರೂ ಬಂದಿತು. ಅರಿವು ಎಂಬ ಶಬ್ದದ ಬೆಲೆಯನ್ನು ಶರಣರ ಸಂತತಿಗೆ ಬೇರೆ ಹೇಳಬೇಕಾದದ್ದಿಲ್ಲ.

ಈಚಿನ ವರ್ಷಗಳಲ್ಲಿ ಇಂಥ ಅನೇಕ ಕೇಂದ್ರಗಳಲ್ಲಿ ರಜೆಯ ದಿನಗಳಿಗಾಗಿಯೇ ಮಕ್ಕಳ ಬೇಸಿಗೆ ಶಿಬಿರಗಳು ನಡೆಯುತ್ತಿರುವವು. ಬೆಳಗಿನ ತಂಪು ಹೊತ್ತಿನಲ್ಲಿ ಮಕ್ಕಳು ಕೂಡುವರು. ಒಬ್ಬರು ಗಟ್ಟಿಯಾಗಿ ಓದುವರು, ಉಳಿದವರು ಕೇಳುವರು. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಮುಂದೇನಾಯಿತೆಂದು ಕೇಳಿದರೆ ಒಬ್ಬೊಬ್ಬ ಮಗುವೂ ಒಂದೊಂದು ಮುಕ್ತಾಯವನ್ನು ಹೇಳುವದು. ಒಗಟು, ಚಿತ್ರಲೇಖನ, ಮಣ್ಣಿನ ಗೊಂಬೆ, ಚದುರಂಗ ಇವುಗಳಿಗೂ ಅಲ್ಲಿ ಎಡೆಯುಂಟು. ಆಟಕ್ಕೆ ಗ್ರಂಥಾಲಯದಲ್ಲೇನು ಕೆಲಸವೆಂದು ಹಿರಿಯರು ಹುಬ್ಬು ಗಂಟಿಕ್ಕುವದನ್ನು ನಾನು ಕಂಡಿರುವೆನು. ನಾನೂ ಮೊದಲು ಹಾಗೆಯೇ ಮಾಡಿದವನು. ಆದರೆ ದೊಡ್ಡಾಟದ ತಾಲೀಮಿನಲ್ಲಿ ಕುಣಿತವು ಮಾತನ್ನು ಕಲಿಸಿದಂತೆ, ಇಲ್ಲಿ ಆಟವು ಮಗುವನ್ನು ಪುಸ್ತಕದ ಬಳಿಗೆ ಕರೆತರುವದು. ಚದುರಂಗಕ್ಕೆ ಬಂದ ಹುಡುಗನು ತನ್ನ ಸರದಿ ಬರುವವರೆಗೆ ಕೈಗೆ ಸಿಕ್ಕ ಪುಸ್ತಕವನ್ನು ತಿರುವಿ ಹಾಕುವನು; ಸರದಿ ಬಂದಾಗ ಇನ್ನೊಂದು ಪುಟವೆಂದು ಕೈ ಮಾಡುವನು.

ಇನ್ನು ನನ್ನ ಸ್ವಂತದ ಒಂದು ತಪ್ಪನ್ನು ಇಲ್ಲಿ ನಿವೇದಿಸಿಕೊಳ್ಳದೆ ಈ ಲೇಖವನ್ನು ಮುಗಿಸುವದು ಸತ್ಯಕ್ಕೆ ದೂರವಾದೀತು. ಇಪ್ಪತ್ತು ವರ್ಷಗಳಿಂದ ಶ್ರೀಮಠದ ಗ್ರಂಥಸಂಗ್ರಹದ ಕೀಲಿಕೈಯು ಈ ಲೇಖಕನ ಸೊಂಟದಲ್ಲಿರುವದು. ಪಾಠಶಾಲೆಯಲ್ಲಿ ಗುರುಗಳು ಗ್ರಂಥವನ್ನು ಕಣ್ಣಿಗೊತ್ತಿಕೊಂಡು ತೆರೆಯಲು ಕಲಿಸಿದ್ದರು. ಆ ಭಕ್ತಿಯೇ ಮುಂದೆ ನನ್ನಲ್ಲಿ ಜಿಪುಣತನವಾಗಿ ಬೆಳೆದದ್ದು ನನಗೆ ತಿಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ವೈಶಾಖದ ಒಂದು ಮಧ್ಯಾಹ್ನ, ದಾಸೋಹದ ಪಂಕ್ತಿ ಮುಗಿದ ಮೇಲೆ, ಕಿನ್ನಾಳದ ಚಿತ್ರಗಾರ ಮನೆತನದ ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬನು ತನ್ನ ಅಜ್ಜಿಯ ಕೈ ಬಿಡಿಸಿಕೊಂಡು ಬಂದು ಕಪಾಟಿನ ಗಾಜಿಗೆ ಮೂಗು ಒತ್ತಿ ನಿಂತನು. “ಅಜ್ಜಾರ, ಇವನ್ನ ಯಾರು ಓದತಾರ್ರೀ?” ಎಂದು ಕೇಳಿದನು. ನನಗೆ ಉತ್ತರ ತೋಚಲಿಲ್ಲ. ಓದುವವರು ಯಾರೂ ಇರಲಿಲ್ಲ. ನಾಚಿಕೆಯನ್ನು ಮರೆಸುವದಕ್ಕಾಗಿ, ಬೆನ್ನು ಹರಿದು ಹಾಳೆ ಬಿಟ್ಟಿದ್ದ, ಕಳೆದರೂ ಚಿಂತೆಯಿಲ್ಲವೆನಿಸಿದ ಶರಣರ ಕಥೆಗಳ ಒಂದು ಸಣ್ಣ ಪುಸ್ತಕವನ್ನು ಅವನ ಕೈಗಿತ್ತು, ಎಂಟು ದಿನಕ್ಕೆ ತಂದುಕೊಡಬೇಕೆಂದೆನು.

ಎಂಟು ದಿನ ಹೋಗಿ ತಿಂಗಳಾಯಿತು. ಕೊನೆಗೊಂದು ದಿನ ಅಜ್ಜಿಯೂ ಮೊಮ್ಮಗನೂ ಬಂದಾಗ, ಪುಸ್ತಕವನ್ನು ಬಿಚ್ಚಿ ನೋಡುವ ಮೊದಲೇ ನಾಲ್ಕು ಜನರ ಎದುರಿಗೆ ಆ ಮಗುವನ್ನು ಗದರಿಸಿದೆನು. ಅವನು ಮಾತಾಡಲಿಲ್ಲ. ಅಜ್ಜಿಯು ಮೆಲ್ಲಗೆ, “ಬೆನ್ನು ಹರದಿತ್ರೀ ಅಜ್ಜಾರ, ಹಚ್ಚಿ ಒಣಗಸಾಕ ಇಟ್ಟಿದ್ವಿ” ಎಂದಳು. ಅರಿವೆಯಲ್ಲಿ ಸುತ್ತಿದ್ದ ಪುಸ್ತಕವನ್ನು ತೆಗೆದು ನೋಡಿದೆನು. ಬಿಟ್ಟ ಹಾಳೆಗಳನ್ನೆಲ್ಲ ಕ್ರಮವಾಗಿ ಕೂಡಿಸಿ ಹೊಲಿದಿದ್ದರು. ಬೆನ್ನಿಗೆ ಅರಿವೆಯ ಪಟ್ಟಿಯನ್ನಿಟ್ಟು ಗೊಂಬೆಗೆ ಬಳಸುವ ಹುಣಸೆಬೀಜದ ಅಂಟಿನಿಂದ ಬಿಗಿಯಾಗಿ ಹಚ್ಚಿದ್ದರು. ನನ್ನ ಕೈಯಿಂದ ಹರಿದು ಹೋದ ಪುಸ್ತಕವು ಆ ಮನೆಯಿಂದ ಗಟ್ಟಿಯಾಗಿ ಮರಳಿ ಬಂದಿದ್ದಿತು. ಅದೇ ಸಂಜೆ ಮನಸ್ಸು ತಡೆಯದೆ ಕಪಾಟಿನ ಕೆಳಗಣ ಸಾಲನ್ನು ತೆಗೆದು ನೋಡಿದರೆ, ಹಲವು ವರ್ಷಗಳಿಂದ ಯಾರೂ ಮುಟ್ಟದಿದ್ದ ಪುಸ್ತಕಗಳ ಒಳಗೆಲ್ಲ ಗೆದ್ದಲು. ಹೊರಗಿನ ರಟ್ಟು ಇದ್ದಿತು, ಒಳಗೆ ಮಣ್ಣು. ಮಕ್ಕಳ ಕೈಯಿಂದ ಗ್ರಂಥಗಳನ್ನು ಕಾಪಾಡಿದೆನೆಂದು ಹೆಮ್ಮೆಪಟ್ಟುಕೊಂಡಿದ್ದ ನಾನು ಗೆದ್ದಲಿನಿಂದ ಕಾಪಾಡಲಾರದೆ ಹೋಗಿದ್ದೆನು. ಮಗುವು ಓದಿದ ಪುಸ್ತಕವು ಉಳಿಯಿತು. ನಾನು ಕಾದ ಪುಸ್ತಕವು ಹೋಯಿತು. ಆ ಹುಡುಗನಿಗೆ ಮರುವಾರವೇ ತಪ್ಪೊಪ್ಪಿಕೊಂಡು ಇನ್ನೆರಡು ಪುಸ್ತಕಗಳನ್ನು ಕೊಟ್ಟೆನು. ಆದರೆ ನಾಲ್ಕು ಜನರ ಎದುರಿಗೆ ಆಡಿದ ಮಾತಿಗೆ ನಾಲ್ಕು ಜನರ ಎದುರಿಗೇ ಪ್ರಾಯಶ್ಚಿತ್ತವಾಗಬೇಕು. ಅದಕ್ಕಾಗಿಯೇ ಇದನ್ನು ಇಲ್ಲಿ ಬರೆದಿರುವೆನು.

ಈ ಅನುಭವದಿಂದ ಹುಟ್ಟಿದ ಕೆಲವು ಬಿನ್ನಹಗಳನ್ನು ಶ್ರೀಗಳ ಸನ್ನಿಧಿಯಲ್ಲಿಯೂ ಸದ್ಭಕ್ತರ ಮುಂದೆಯೂ ಇಡುತ್ತೇನೆ. ಮೊದಲನೆಯದಾಗಿ, ತಾಡವೋಲೆಗಳನ್ನೂ ಅಚ್ಚಿನ ಪುಸ್ತಕಗಳನ್ನೂ ಬೇರೆ ಮಾಡಬೇಕು. ಓಲೆಗಳನ್ನು ಶುಚಿಗೊಳಿಸಿ, ಬಲ್ಲವರಿಂದ ಛಾಯಾಪ್ರತಿ ತೆಗೆಯಿಸಿ ಕಾಪಾಡುವದು ಯುಕ್ತವು. ಅಚ್ಚಿನ ಪುಸ್ತಕಗಳನ್ನು ಮಾತ್ರ ಊರಿಗೆ ಬಿಡಬೇಕು. ಎರಡನೆಯದಾಗಿ, ಬಸವಜಯಂತಿಯಿಂದ ಶಾಲೆ ತೆರೆಯುವವರೆಗೆ ಶ್ರೀಮಠದ ಒಂದು ಕೋಣೆಯನ್ನು ಬೆಳಗಿನ ಏಳರಿಂದ ಹತ್ತರವರೆಗೆ, ಬಿಸಿಲು ಇಳಿದ ಮೇಲೆ ಮತ್ತೆ ಎರಡು ತಾಸು, ಜಾತಿ ಮತಗಳ ಭೇದವೆಣಿಸದೆ ಎಲ್ಲ ಮಕ್ಕಳಿಗೂ ತೆರೆದಿಡಬೇಕು. ಮನೆಗೆಲಸ ಮುಗಿಸಿ ತಡವಾಗಿ ಬರುವ ಹೆಣ್ಣುಮಕ್ಕಳಿಗೆ ಸಂಜೆಯ ಹೊತ್ತೇ ಅನುಕೂಲವಾದೀತು. ಮೂರನೆಯದಾಗಿ, ಬಡೋದೆಯ ಮಾದರಿಯಲ್ಲಿ ಸಣ್ಣ ಪೆಟ್ಟಿಗೆಗಳನ್ನು ಮಾಡಿಸಿ, ಸುತ್ತಣ ಹಳ್ಳಿಗಳಿಗೂ ತಾಂಡಾಗಳಿಗೂ ಹದಿನೈದು ದಿನಕ್ಕೊಮ್ಮೆ ಬದಲಿಸಿ ಕಳುಹಬೇಕು. ಗುಳೆ ಹೋಗುವ ಕುಟುಂಬದ ಮಗುವಿನ ಗಂಟಿನಲ್ಲಿಯೂ ಎರಡು ಪುಸ್ತಕಗಳು ಇರಲಿ; ಮಳೆಗಾಲಕ್ಕೆ ಮರಳಿ ಬಂದಾಗ ತಂದುಕೊಟ್ಟರೆ ಸಾಕು. ಕಳೆದುಹೋದರೆ ದಂಡವು ಬೇಡ. ದಾಸೋಹದ ಎಲೆಯಲ್ಲಿ ಉಳಿದ ಅನ್ನದ ಲೆಕ್ಕವನ್ನು ಮಠವು ಎಂದಾದರೂ ಕೇಳಿರುವದೇ?

ನಾಲ್ಕನೆಯದಾಗಿ, ಇದು ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಎದುರಾಗಿ ನಿಲ್ಲುವ ಕೆಲಸವಾಗಬಾರದು. ಅಲ್ಲಿಯ ಮೇಲ್ವಿಚಾರಕರ ದುಡಿಮೆಯು ಬಹಳ, ಸೌಕರ್ಯವು ಅಲ್ಪ. ಅಲ್ಲಿಗೆ ಪುಸ್ತಕ ಕಡಿಮೆಯಾದರೆ ಇಲ್ಲಿಂದ ಹೋಗಲಿ, ಇಲ್ಲಿಗೆ ಓದಿಸುವವರು ಕಡಿಮೆಯಾದರೆ ಅಲ್ಲಿಂದ ಬರಲಿ. ಕೊನೆಯದಾಗಿ, ಊರ ಹಿರಿಯರನ್ನೂ ಕಸಬುದಾರರನ್ನೂ ವಾರಕ್ಕೊಮ್ಮೆ ಮಕ್ಕಳ ಮುಂದೆ ಕೂಡಿಸಬೇಕು. ಚಿತ್ರಗಾರರು ಕಿಟ್ಟ ಮಾಡುವ ಬಗೆಯನ್ನು ಹೇಳಲಿ, ಆಟದ ಮಾಸ್ತರರು ತಮ್ಮ ಪುಸ್ತಕವನ್ನು ತೋರಿಸಲಿ, ಮುದುಕಿಯರು ಬೀಸುಕಲ್ಲಿನ ಹಾಡನ್ನು ಹಾಡಲಿ. ಮಕ್ಕಳು ಕೇಳಿ ಬರೆದುಕೊಳ್ಳಲಿ. ಆ ಬರೆಹಗಳ ಕಟ್ಟೇ ಮುಂದೆ ಊರಿನ ಇತಿಹಾಸವಾಗುವದು.

ಈಗ ಮಕ್ಕಳ ಕೈಗೆ ದೂರವಾಣಿಯ ಪೆಟ್ಟಿಗೆ ಬಂದಿರುವಾಗ ಪುಸ್ತಕವನ್ನು ಕೇಳುವವರು ಯಾರೆಂದು ಕೆಲವರು ಆಕ್ಷೇಪಿಸಬಹುದು. ಕೊಟ್ಟು ನೋಡದೆ ಈ ಮಾತನ್ನು ಹೇಳಲಾಗದು. ಬಾಗಿಲನ್ನು ಮುಚ್ಚಿಟ್ಟುಕೊಂಡು ಒಳಗೆ ಬರುವವರಿಲ್ಲವೆಂದು ಕೊರಗುವದು ನ್ಯಾಯವಲ್ಲ. ಕಿನ್ನಾಳದ ಗೊಂಬೆಗೆ ಒಂದರ ಮೇಲೊಂದು ಲೇಪವು ಬಿದ್ದು, ಬಿಸಿಲಿಗೆ ಒಣಗಿ, ಬಣ್ಣಕ್ಕೆ ಸಿದ್ಧವಾಗುವದಷ್ಟೆ? ಶಾಲೆಯು ಒಂದು ಲೇಪವನ್ನು ಕೊಟ್ಟು ಕಳುಹಿರುವದು. ಬೇಸಿಗೆಯಲ್ಲಿ ಅದು ಬಿರಿಯದಂತೆ ನೋಡಿಕೊಳ್ಳುವ ಭಾರವು ಊರಿನದು, ಮಠದ್ದು.

ಮಹೋತ್ಸವದ ನೆನಪಿಗಾಗಿ ಮಹಾದ್ವಾರವನ್ನು ಕಟ್ಟಿಸಬೇಕೆಂದು ಕೆಲವು ಭಕ್ತರು ಅಪೇಕ್ಷಿಸಿರುವದಾಗಿ ಕೇಳಿರುವೆನು. ಅದೂ ಆಗಲಿ. ಆದರೆ ಅದಕ್ಕಿಂತ ಮೊದಲು, ಇರುವ ಒಂದು ಸಣ್ಣ ಬಾಗಿಲಿನ ಕೀಲಿಯನ್ನು ತೆಗೆಯಲು ಹೆಚ್ಚಿನ ವೆಚ್ಚವು ತಗಲದು. ಇಪ್ಪತ್ತು ವರ್ಷ ನನ್ನ ಸೊಂಟದಲ್ಲಿದ್ದ ಆ ಕೀಲಿಕೈಯನ್ನು ಈ ಲೇಖದೊಡನೆ ಶ್ರೀಗಳ ಪಾದಸನ್ನಿಧಿಯಲ್ಲಿ ಇರಿಸಿರುವೆನು. ಬರೆಹದಲ್ಲಿ ದೋಷಗಳಿದ್ದರೆ ಸಹೃದಯರು ಮನ್ನಿಸಬೇಕೆಂದು ಪ್ರಾರ್ಥಿಸಿ ವಿರಮಿಸುವೆನು.

ಇತಿ ಶಿವಂ.